ಕುತ್ತಿಗೆಯ ಹಳೇ ನೋವಿಗೆ ಟೆನ್ಸಾ, ಲೇಸರಾ?

ಟೆನ್ಸ್ ಅಂದರೆ ನೋವು ತಗ್ಗಿಸಲು ಬಳಸುವ ಕರೆಂಟಿನ ಸಣ್ಣ ಯಂತ್ರ, ಅದರದು ಸರಳ ಲೆಕ್ಕ. ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟು ಹರಿಸುತ್ತಾರೆ, ಜುಮುಜುಮು ಅನ್ನುತ್ತದೆ. ಮನೆಯಲ್ಲೇ ಹಾಕಿಕೊಳ್ಳಬಹುದು. ಆದರೆ ಆಫ್ ಮಾಡಿದ ಮೇಲೆ ಆರಾಮ ಜಾಸ್ತಿ ಹೊತ್ತು ಉಳಿಯುವುದಿಲ್ಲ.

ಕಡಿಮೆ ಶಕ್ತಿಯ ಲೇಸರ್ ಬೇರೆಯೇ ದಾರಿ, ಚರ್ಮದ ಮೇಲೆ ಬೆಳಕು ಬಿಡುತ್ತಾರೆ. ಬಿಸಿಯೂ ಇಲ್ಲ, ಜುಮ್ಮೂ ಇಲ್ಲ. ಆ ಬೆಳಕನ್ನು ಜೀವಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಎಂಬ ಭಾಗ ಹೀರುತ್ತದೆ. ನೋವು ಸಾಗಿಸುವ ತೆಳು ನರತಂತುಗಳ ಸಂಕೇತ ಸ್ವಲ್ಪ ಹೊತ್ತು ನಿಧಾನವಾಗುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. 2009ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ವಿಮರ್ಶೆಯೊಂದು 16 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಹಳೆಯ ಕುತ್ತಿಗೆ ನೋವಿಗೆ ಚಿಕಿತ್ಸೆ ಮುಗಿದು 22 ವಾರದವರೆಗೂ ಆರಾಮ ಸಿಕ್ಕಿತ್ತು. ಡೋಸ್, ಅಂದರೆ ಬೆಳಕಿನ ಪ್ರಮಾಣ, ಸರಿಯಿಲ್ಲದಿದ್ದರೆ ಮಾತ್ರ ದುಡ್ಡು ಸುಮ್ನೆ ಹೋಗುತ್ತದೆ.

ನನ್ನ ಮತ ಲೇಸರ್‌ಗೇ, ಅದೂ ತಿಳಿದವರ ಕೈಯಲ್ಲಿ, ರಕ್ಷಣೆಯ ಕನ್ನಡಕ ಹಾಕಿಕೊಂಡು. ಪೇಸ್‌ಮೇಕರ್ ಇದ್ದವರು ಡಾಕ್ಟರನ್ನು ಕೇಳದೆ ಟೆನ್ಸ್ ಮುಟ್ಟಬೇಡಿ. ಕೈಯ ಬಲವೇ ಕುಂದಿದ್ದರೆ ಎರಡೂ ಬೇಡ, ಮೊದಲು ಡಾಕ್ಟರಿಗೆ ತೋರಿಸಿ.