ಹುಬ್ಬಳ್ಳಿಯ ಆಟಿಸಂ ‘ಉಚಿತ ಕ್ಯಾಂಪ್’: ಒಂದೇ ಸ್ಟಾರ್, ಅದೂ ವಾಚ್‌ಮನ್‌ಗೆ

ಆಟಿಸಂ ಇರುವ ಮಕ್ಕಳಿಗೆ ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಜೀವಕೋಶವಾಗಿ ಬೆಳೆಯಬಲ್ಲ ಮೂಲ ಜೀವಕೋಶ) ಸೂಜಿ ಮೂಲಕ ಕೊಡುವ ಚಿಕಿತ್ಸೆ, ಉಚಿತ ಸಲಹೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಡೆಸಿದವರ ಹೆಸರು ಬರೆಯಲ್ಲ, ಇಂಥವರು ಒಬ್ಬರೇ ಅಲ್ಲ. ಧಾರವಾಡದಿಂದ ಚಿಗರಿ ಬಸ್ಸಿಗೆ ಹೋದೆವು. ನನ್ನ ಮಗನಿಗೆ ಐದು ವರ್ಷ, ಬಸ್ಸಿನ ಬಾಗಿಲು ತೆಗೆಯುವ ಸದ್ದಿಗೇ ಕಿವಿ ಮುಚ್ಚಿಕೊಳ್ಳುತ್ತಾನೆ, ಅವನನ್ನು ಅಷ್ಟು ದೂರ ಕರ್ಕೊಂಡು ಹೋದೆವು ಅಂದ್ರೆ ಆಸೆ ಎಷ್ಟಿತ್ತು ನೋಡಿ.

ಹೋಟೆಲಿನ ಹಾಲ್. ಮೊದಲು ಒಂದು ವಿಡಿಯೊ ಹಾಕಿದರು. ಒಬ್ಬ ಹುಡುಗ ಗೋಡೆ ಕಡೆ ಮುಖ ಮಾಡಿ ಕೂತಿದ್ದಾನೆ. ಆರು ತಿಂಗಳ ನಂತರ ಅಂತ ಇನ್ನೊಂದು, ಅದೇ ಹುಡುಗ ಕ್ಯಾಮೆರಾ ನೋಡಿ ‘ಅಪ್ಪ’ ಅಂತಾನೆ. ಸುತ್ತಲಿದ್ದವರು ಕಣ್ಣು ಒರೆಸಿಕೊಂಡರು, ನಾನೂ ಒರೆಸಿಕೊಂಡೆ. ಆಮೇಲೆ ನೆನಪಾಯಿತು: ನಮ್ಮವನು ಹೋದ ಶ್ರಾವಣದಲ್ಲಿ ಮೊದಲ ಸಲ ‘ನೀರು’ ಅಂದಿದ್ದ. ಆಗ ಹೊಸದೇನೂ ಮಾಡಿರಲಿಲ್ಲ, ಅದೇ ಸ್ಪೀಚ್ ಥೆರಪಿ, ಅದೇ ಆಟ. ಅದರ ಹಿಂದಿನ ವಾರ ಇವರ ಸೂಜಿ ಹಾಕಿಸಿದ್ದರೆ ಹೆಸರೆಲ್ಲ ಸೂಜಿಗೇ ಹೋಗುತ್ತಿತ್ತು, ಅಲ್ವಾ?

ಹಿಂದೆ ಹೀಗೇ ಆಗಿದೆ. ಅಮೆರಿಕದಲ್ಲಿ ಸೆಕ್ರೆಟಿನ್ ಅನ್ನೋ ಹಾರ್ಮೋನ್ ಕೊಟ್ಟರೆ ಮಕ್ಕಳು ಮಾತಾಡ್ತಾರೆ ಅಂತ ಗುಲ್ಲೆದ್ದಿತ್ತು. 1999ರಲ್ಲಿ 60 ಮಕ್ಕಳ ಮೇಲೆ ಪರೀಕ್ಷೆ ಮಾಡಿದರು, ಕೆಲವರಿಗೆ ಸೆಕ್ರೆಟಿನ್, ಉಳಿದವರಿಗೆ ಬರೀ ಉಪ್ಪುನೀರು, ಯಾರಿಗೆ ಯಾವುದು ಅಂತ ಅಪ್ಪ ಅಮ್ಮನಿಗೂ ಹೇಳಲಿಲ್ಲ. ಉಪ್ಪುನೀರಿನ ಮಕ್ಕಳೂ ಸುಧಾರಿಸಿದರು! ಸೆಕ್ರೆಟಿನ್‌ನಿಂದ ಜಾಸ್ತಿ ಏನೂ ಆಗಿರಲಿಲ್ಲ. ಅಷ್ಟು ಗೊತ್ತಾದ ಮೇಲೂ ಎಷ್ಟೋ ತಂದೆತಾಯಿ ನಮಗೆ ಅದೇ ಬೇಕು ಅಂದರಂತೆ. ನಾನು ಅವರನ್ನು ಬೈಯಲ್ಲ.

ಆಮೇಲೆ ಒಬ್ಬೊಬ್ಬರನ್ನೇ ಟೇಬಲ್‌ಗೆ ಕರೆದರು. ಒಂದು ಸಿಟ್ಟಿಂಗ್‌ಗೆ ಎರಡೂವರೆ ಲಕ್ಷ, ಮೂರು ಸಿಟ್ಟಿಂಗ್ ಬೇಕಂತೆ. ‘ಅಮೆರಿಕದ ಡ್ಯೂಕ್ ಯೂನಿವರ್ಸಿಟಿ ಒಳಗ ರಿಸರ್ಚ್ ಆಗೇದರೀ ಮೇಡಂ’ ಅಂದಳು ಹುಡುಗಿ. ಹೌದು, ಆಗಿದೆ. 180 ಮಕ್ಕಳಲ್ಲಿ ಕೆಲವರಿಗೆ ಸ್ಟೆಮ್ ಸೆಲ್ ಇರುವ ಹೊಕ್ಕುಳಬಳ್ಳಿಯ ರಕ್ತ, ಉಳಿದವರಿಗೆ ಬರೀ ಹುಸಿ ಔಷಧ ಕೊಟ್ಟು ನೋಡಿದರು, 2020ರಲ್ಲಿ ಫಲಿತಾಂಶ ಬಂತು, ಮುಖ್ಯವಾಗಿ ಏನನ್ನು ಅಳೆಯಲು ಹೊರಟಿದ್ದರೋ ಅದರಲ್ಲಿ ವ್ಯತ್ಯಾಸ ಸಿಗಲಿಲ್ಲ. ಅದನ್ನು ಯಾಕೆ ಹೇಳಲ್ಲ? ಸರಿ, ನಿಮ್ಮದೂ ರಿಸರ್ಚ್ ಆಗಿದ್ದರೆ ಸಿಟಿಆರ್‌ಐ (ಕ್ಲಿನಿಕಲ್ ಟ್ರಯಲ್‌ಗಳ ಸರ್ಕಾರಿ ನೋಂದಣಿ ಪಟ್ಟಿ) ನಂಬರ್ ಕೊಡಿ ಅಂದೆ. ನಮ್ಮ ದೇಶದಲ್ಲಿ ಕ್ಲಿನಿಕಲ್ ಟ್ರಯಲ್ ಮಾಡುವವರು ಅಲ್ಲಿ ಮೊದಲೇ ನೋಂದಾಯಿಸಬೇಕು, 2009ರಿಂದ ಕಡ್ಡಾಯ. ‘ಅದೆಲ್ಲಾ ಪ್ರೊಸೆಸ್ ಒಳಗ ಅದರೀ’ ಅಂದಳು. ಪ್ರೊಸೆಸ್‌ನಲ್ಲಿದ್ದರೆ ದುಡ್ಡು ಯಾಕೆ ಕೇಳ್ತೀರಿ? ಸ್ಟೆಮ್ ಸೆಲ್ ಪ್ರಯೋಗಕ್ಕೆ ಸೇರಿದವರ ಹತ್ತಿರ ಹಣ ತಗೊಳ್ಳುವಂತಿಲ್ಲ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುತ್ತದೆ. ಆಟಿಸಂಗೆ ಈ ಚಿಕಿತ್ಸೆ ಬೇಡ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಹಾಗಂತ ಒಳ್ಳೆ ಸಂಶೋಧನೆ ಇಲ್ಲ ಅಂತಲ್ಲ. ಇಲ್ಲೇ ಪಕ್ಕದ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು, 2016ರಲ್ಲಿ ಪ್ರಕಟವಾಯಿತು. ದೊಡ್ಡ ಡಾಕ್ಟರ್ ಅಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು, ಮಗುವಿನ ಆಟಕ್ಕೆ ಹೇಗೆ ಸ್ಪಂದಿಸಬೇಕು ಅಂತ ಅಮ್ಮಂದಿರಿಗೆ ಹೇಳಿಕೊಟ್ಟರು. ಮಕ್ಕಳು ತಾವಾಗೇ ಅಮ್ಮನ ಕಡೆ ತಿರುಗುವುದು ಜಾಸ್ತಿ ಆಯಿತು. ಆಟಿಸಂ ಹೋಯಿತು ಅಂತ ಅವರು ಹೇಳಲಿಲ್ಲ, ಅದಕ್ಕೇ ನಂಬಿಕೆ ಬಂತು ನನಗೆ.

ಸ್ಟಾರ್ ವಿಷಯ. ನಾವು ಟೇಬಲ್ ಮುಂದೆ ಇದ್ದಾಗ ಮಗ ಬಾಗಿಲ ಹತ್ತಿರ ನೆಲದ ಮೇಲೆ ಬಾಟಲಿ ಮುಚ್ಚಳ ತಿರುಗಿಸುತ್ತಾ ಕೂತಿದ್ದ. ವಾಚ್‌ಮನ್ ಕಾಕಾ ಸುಮ್ನೆ ನೋಡಿದರು, ಏನೂ ಕೇಳಲಿಲ್ಲ, ಎಲ್ಲಿಂದಲೋ ಇನ್ನೊಂದು ಮುಚ್ಚಳ ತಂದು ಪಕ್ಕದಲ್ಲೇ ತಿರುಗಿಸಿದರು. ಎರಡೂ ನಿಂತ ಮೇಲೆ ಮಗ ತನ್ನ ಮುಚ್ಚಳ ಎತ್ತಿ ಅವರ ಕೈಗೆ ಕೊಟ್ಟ.