ವೈಸರ್ ಮಬ್ಬಾಗದಿರಲು ಸೋಪು, ಸ್ಪ್ರೇ, ಪಿನ್‌ಲಾಕ್: ಮಳೆಯಲ್ಲಿ ಹಾಕಿ ನೋಡಿದ್ದು

ಮಳೆಯಲ್ಲಿ ಬೈಕ್ ಓಡಿಸೋದು ಅಂದರೆ ಎಲ್ಲರೂ ಟೈರ್, ಬ್ರೇಕ್ ಬಗ್ಗೆ ಮಾತಾಡುತ್ತಾರೆ. ನನ್ನನ್ನು ಹೆದರಿಸಿದ್ದು ಹೆಲ್ಮೆಟ್ಟಿನ ವೈಸರ್, ಅಂದರೆ ಮುಖದ ಮುಂದಿನ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳ. ಒಂದು ಸಂಜೆ ಸಿಗ್ನಲ್ ಬಿಟ್ಟು ಹೊರಟ ಕೂಡಲೇ ಅದು ಒಳಗಿನಿಂದ ಪೂರ್ತಿ ಮಬ್ಬಾಯಿತು. ಮುಂದೆ ಕಾರು ನಿಂತಿದೆ ಅಂತ ಗೊತ್ತಾಗಿದ್ದು ತೀರಾ ಹತ್ತಿರ ಹೋದ ಮೇಲೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗಿಬಿಡುತ್ತೇವೆ. ಒದ್ದೆ ರಸ್ತೆಯಲ್ಲಿ ಗಾಡಿ ನಿಲ್ಲೋಕೆ ಮೊದಲೇ ಜಾಸ್ತಿ ದೂರ ಬೇಕು, ಅಲ್ವಾ? ಆ ಮಳೆಗಾಲ ಪೂರ್ತಿ ಇದಕ್ಕೊಂದು ದಾರಿ ಹುಡುಕಿದೆ.

ಉಸಿರಿನ ಬಿಸಿ ಆವಿ ತಣ್ಣಗಿನ ವೈಸರ್‌ಗೆ ತಾಗಿ ಸಣ್ಣ ಸಣ್ಣ ಹನಿಯಾಗಿ ಕೂರುತ್ತದೆ. ಮಬ್ಬು ಅಂದರೆ ಅಷ್ಟೇ.

ಮೊದಲು ವೈಸರ್ ಸ್ವಲ್ಪ ಎತ್ತಿಟ್ಟುಕೊಂಡು ಓಡಿಸಿದೆ. ನಿಧಾನವಾಗಿ ಹೋಗುವಾಗ ಪರವಾಗಿಲ್ಲ. ವೇಗ ಏರಿದರೆ ಹನಿಗಳು ನೇರ ಕಣ್ಣಿಗೆ ಹೊಡೆಯುತ್ತವೆ, ವೈಸರ್ ಒಳಗೂ ನೀರು ಕೂರುತ್ತದೆ.

ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್. ಒಂದೇ ಹನಿ ಒಳಭಾಗಕ್ಕೆ ತೆಳ್ಳಗೆ ಸವರಿ, ಒಣಗಿದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು. ನೀರು ಹನಿಯಾಗದೆ ಪೊರೆಯಂತೆ ಹರಡಿಕೊಳ್ಳುತ್ತದೆ, ಅದರಾಚೆ ರಸ್ತೆ ಚೆನ್ನಾಗಿ ಕಾಣುತ್ತದೆ. ನನಗೆ ಒಂದು ಓಡಾಟಕ್ಕೆ ಸಾಕಾಯಿತು, ವಾಪಸ್ ಬರುವಾಗ ಮತ್ತೆ ಮಬ್ಬು. ಸ್ವಲ್ಪ ಜಾಸ್ತಿ ಸವರಿದ ದಿನ ಎದುರಿನ ಹೆಡ್‌ಲೈಟ್ ಗೆರೆಗೆರೆಯಾಗಿ ಹರಡಿತು.

ಆ್ಯಂಟಿ ಫಾಗ್ ಸ್ಪ್ರೇ ಮಾಡುವುದೂ ಇದೇ ಕೆಲಸ. ಎರಡು ಮೂರು ದಿನ ಬಾಳಿತು. ವೈಸರ್‌ಗೆ ಅಂತಲೇ ಮಾಡಿದ್ದನ್ನೇ ತೆಗೆದುಕೊಳ್ಳಿ. ಕಿಟಕಿ ಗಾಜು ಒರೆಸುವ ಅಮೋನಿಯಾ ಇರುವ ದ್ರಾವಣ ಪ್ಲಾಸ್ಟಿಕ್ಕನ್ನು ಹಾಳುಮಾಡುತ್ತದೆ.

ಕೊನೆಗೆ ಪಿನ್‌ಲಾಕ್ ಹಾಕಿಸಿದೆ. ವೈಸರ್ ಒಳಗೆ ಎರಡು ಪಿನ್‌ಗಳ ನಡುವೆ ಕೂರುವ ಇನ್ನೊಂದು ತೆಳು ಹಾಳೆ ಅದು. ಸುತ್ತ ಸಿಲಿಕೋನ್ ಅಂಚು ಇರುತ್ತದೆ, ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಹೊರಗಿನ ತಂಪು ಒಳಹಾಳೆಗೆ ಸುಲಭವಾಗಿ ತಲುಪುವುದಿಲ್ಲ. ಆ ಹಾಳೆ ತೇವವನ್ನೂ ಸ್ವಲ್ಪ ಹೀರಿಕೊಳ್ಳುತ್ತದೆ. ಮೊದಲ ವಾರ ನನಗೆ ಬೇಜಾರಾಯಿತು, ಎರಡು ಪದರದ ನಡುವೆಯೇ ಆವಿ ಕಟ್ಟುತ್ತಿತ್ತು. ನೋಡಿದರೆ ಅಂಚು ಒಂದು ಕಡೆ ಸರಿಯಾಗಿ ಒತ್ತಿರಲಿಲ್ಲ. ನನ್ನ ವೈಸರ್‌ನ ಪಿನ್‌ಗಳನ್ನು ತಿರುಗಿಸಿ ಬಿಗಿಮಾಡಬಹುದು. ಸ್ವಲ್ಪ ತಿರುಗಿಸಿದೆ, ಅಂಚು ಸುತ್ತಲೂ ಕೂತಿತು. ಅವತ್ತಿನಿಂದ ಒಂದೂವರೆ ಗಂಟೆ ಜಡಿಮಳೆಯಲ್ಲೂ ಕಣ್ಣ ಮುಂದೆ ಮಬ್ಬಿಲ್ಲ.

ತೊಂದರೆಯೂ ಇದೆ. ರಾತ್ರಿ ಎದುರಿನ ದೀಪಗಳು ಸ್ವಲ್ಪ ಎರಡಾಗಿ ಕಾಣುತ್ತವೆ. ಹಾಳೆ ಮೆತ್ತಗಿರುವುದರಿಂದ ಬೇಗ ಗೀರು ಬೀಳುತ್ತದೆ, ಒದ್ದೆಯಿದ್ದಾಗ ಉಜ್ಜಲೇಬಾರದು. ಅದರ ಮೇಲೆ ಸ್ಪ್ರೇ, ಸೋಪು ಸವರೋದೂ ಬೇಡ. ಪಿನ್ ಇಲ್ಲದ ವೈಸರ್‌ಗೆ ಇದು ಕೂರುವುದಿಲ್ಲ.

ಆದರೂ ನನ್ನ ಆಯ್ಕೆ ಪಿನ್‌ಲಾಕ್. ನಿಮ್ಮ ಹೆಲ್ಮೆಟ್‌ಗೆ ಪಿನ್ ಇಲ್ಲದಿದ್ದರೆ ಸ್ಪ್ರೇ ಹಾಕಿ. ಅದು ಮುಗಿದ ದಿನಕ್ಕೆ ಲಿಕ್ವಿಡ್ ಇದ್ದೇ ಇದೆ, ಹೊರಡುವ ಮೊದಲು ಮರೆಯದೆ ಸವರಿ. ಗಲ್ಲದ ಹತ್ತಿರದ ಗಾಳಿಕಿಂಡಿಯನ್ನು ಮಳೆ ಅಂತ ಮುಚ್ಚಬೇಡಿ. ಸಿಗ್ನಲ್‌ನಲ್ಲಿ ನಿಂತಾಗ ನಾನು ಈಗಲೂ ವೈಸರನ್ನು ಒಂದು ಹಂತ ಎತ್ತುತ್ತೇನೆ, ಹಸಿರು ಬಿದ್ದ ಮೇಲೆ ಮುಚ್ಚುತ್ತೇನೆ.