ಟಿಟ್ಟಿಭವೋ, ಸಿಂಪಿಗವೋ: ಮೊದಲು ಯಾವುದರ ಬೆನ್ನು ಹತ್ತಬೇಕು?

ಹಕ್ಕಿ ನೋಡುವ ಹವ್ಯಾಸ ಈಗಷ್ಟೇ ಹಿಡಿದಿದ್ದರೆ, ಕೈಯಲ್ಲಿ ಬೈನಾಕ್ಯುಲರ್ ಇದ್ದವರಿಗೆ ಟಿಟ್ಟಿಭ, ಇಲ್ಲದವರಿಗೆ ಸಿಂಪಿಗ ಎನ್ನುತ್ತೇನೆ.

ಟಿಟ್ಟಿಭ ದಡಹಕ್ಕಿಗಳ ಬಳಗದ್ದು. ಸುಮಾರು 35 ಸೆಂ.ಮೀ. ಉದ್ದ, ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ತೊಗಲು. ಕೆರೆಯಂಗಳ, ಉತ್ತ ಹೊಲ, ಊರಾಚೆಯ ಬಯಲುಗಳಲ್ಲಿ ಸಿಗುತ್ತದೆ. ಗುರುತು ತಪ್ಪುವ ಮಾತೇ ಇಲ್ಲ. ಆದರೆ ನೀವು ನೋಡುವ ಮೊದಲೇ ಅದು ನಿಮ್ಮನ್ನು ನೋಡಿ ಊರಿಗೆಲ್ಲ ಸಾರಿರುತ್ತದೆ. ಮೊಟ್ಟೆಯಿಡುವುದು ಬರಿನೆಲದಲ್ಲಿ, ಕಲ್ಲುಗಳ ನಡುವೆ. ಬೇಸಿಗೆಯಲ್ಲಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ಫೋಟೊದ ಆಸೆಗೆ ಹತ್ತಿರ ಹೋಗಿ ಅದನ್ನು ಎಬ್ಬಿಸಬೇಡಿ.

ಸಿಂಪಿಗ 13 ಸೆಂ.ಮೀ., ತೂಕ 10 ಗ್ರಾಂ ಒಳಗೆ. ನೆತ್ತಿ ತುಕ್ಕುಗೆಂಪು, ಬೆನ್ನು ಹಸಿರು, ಬಾಲ ಸದಾ ನೆಟ್ಟಗೆ. ಹಿತ್ತಲಿನ ದಾಸವಾಳದಲ್ಲೇ ಇರುತ್ತದೆ, ಆದರೆ ಒಂದು ಕಡೆ ಕೂರುವ ಜಾಯಮಾನ ಅದಕ್ಕಿಲ್ಲ. ಕ್ಯಾಮೆರಾ ಹಿಡಿದವರ ತಾಳ್ಮೆ ಕೆಡುತ್ತದೆ. ‘ಟುವ್ವಿ ಟುವ್ವಿ’ ಕೂಗನ್ನೇ ಹಿಂಬಾಲಿಸಿ. ಗೂಡು ಕಂಡರಂತೂ ಹಬ್ಬ: ಎಲೆಯಂಚಿಗೆ ಕೊಕ್ಕಿನಿಂದ ತೂತು ಚುಚ್ಚಿ, ಹತ್ತಿಯೆಳೆಯನ್ನೋ ಜೇಡನ ನೂಲನ್ನೋ ತೂರಿಸಿರುತ್ತದೆ. ತೂತಿನಾಚೆ ಎಳೆಯ ತುದಿ ಉಬ್ಬಿ ನಿಂತು, ಗಂಟು ಹಾಕದೆಯೇ ಹೊಲಿಗೆ ಬಿಗಿಯಾಗಿರುತ್ತದೆ.

ಮಕ್ಕಳಿಗೆ ತೋರಿಸುವುದಾದರೆ ಕಣ್ಣು ಮುಚ್ಚಿಕೊಂಡು ಟಿಟ್ಟಿಭವನ್ನೇ ಆರಿಸಿ. ಮೊಟ್ಟೆಯೊಡೆದ ದಿನವೇ ಅದರ ಮರಿ ಓಡುತ್ತದೆ. ಸಿಂಪಿಗದ ಬೆತ್ತಲೆ ಮರಿಗಳು ಎಲೆಯೊಳಗೇ ಅಡಗಿರುತ್ತವೆ.